ನದಿಗೆ ಕೊಳಚೆ ಸೇರಿದರೆ ಮೀನಿಗೆ ಏನಾಗುತ್ತದೆ ಅನ್ನೋದನ್ನು ಕಂಪ್ಯೂಟರ್‌ನಲ್ಲಿ ಸಿಮ್ಯುಲೇಟ್ ಮಾಡೋದು ಹೇಗೆ?

ಎಂ.ಎಸ್ಸಿ. ಪ್ರಾಜೆಕ್ಟಿಗೆ ಇದನ್ನು ಮಾಡಬೇಕು, ಕೋಡಿಂಗ್ ಅಷ್ಟಾಗಿ ಬರಲ್ಲ, ಯಾವ ಸಾಫ್ಟ್‌ವೇರ್ ಹಿಡಿಯಲಿ, ಬಂದ ಉತ್ತರವನ್ನು ಎಷ್ಟು ನಂಬಬಹುದು ಅಂತ ಕೇಳಿದ್ದೀರಿ. ನೀರಿನ ಗುಣಮಟ್ಟದ ಮಾಡೆಲಿಂಗೇ ನನ್ನ ಕೆಲಸ. ಸಾಫ್ಟ್‌ವೇರ್ ಸದ್ಯಕ್ಕೆ ಬೇಡ, ಎಕ್ಸೆಲ್ ತೆಗೆಯಿರಿ.

1925ರಲ್ಲಿ ಸ್ಟ್ರೀಟರ್ ಮತ್ತು ಫೆಲ್ಪ್ಸ್ ಅನ್ನುವವರು ಅಮೆರಿಕದ ಒಹಾಯೊ ನದಿಗೆಂದು ಬರೆದ ಸಮೀಕರಣವೇ ಇವತ್ತಿಗೂ ಈ ಕೆಲಸದ ತಳಪಾಯ. ಅದು ನೀರಿನಲ್ಲಿ ಕರಗಿದ ಆಮ್ಲಜನಕದ (ಡಿಓ) ಜಮಾ-ಖರ್ಚು, ಅಷ್ಟೇ. ಕೊಳಚೆ ತಿನ್ನುವ ಬ್ಯಾಕ್ಟೀರಿಯಾ ಖರ್ಚು ಮಾಡುತ್ತವೆ, ಗಾಳಿಯಿಂದ ಒಂದಷ್ಟು ಜಮಾ ಆಗುತ್ತದೆ.

ಮೂರು ಕಾಲಂ ಹಾಕಿ: ದಿನ, ಉಳಿದ ಬಿಓಡಿ (ಕೊಳಚೆ ಕೊಳೆಯಲು ಬೇಕಾಗುವ ಆಮ್ಲಜನಕ), ಆಮ್ಲಜನಕದ ಕೊರತೆ. ಒಂದೊಂದು ಸಾಲಿಗೆ 0.1 ದಿನ. ಬಿಓಡಿ ಕೊಳೆಯುವ ದರ ದಿನಕ್ಕೆ 0.3, ಗಾಳಿಯಿಂದ ಆಮ್ಲಜನಕ ಸೇರುವ ದರ 0.6 ಅಂತಿಟ್ಟುಕೊಳ್ಳಿ. ಪ್ರತಿ ಸಾಲಿನಲ್ಲಿ ಹಿಂದಿನ ಸಾಲಿನ ಅಂಕಿಗಳನ್ನು ಹಿಡಿದು ಬಿಓಡಿಯಿಂದ 0.3 × ಬಿಓಡಿ × 0.1 ಕಳೆಯಿರಿ. ಕಳೆದದ್ದನ್ನು ಕೊರತೆಗೆ ಕೂಡಿಸಿ, ಅದರಿಂದ 0.6 × ಕೊರತೆ × 0.1 ತೆಗೆಯಿರಿ. ಕೆಳಗಿನವರೆಗೆ ಎಳೆದರೆ ಸಿಮ್ಯುಲೇಶನ್ ಸಿದ್ಧ.

27 ಡಿಗ್ರಿಯ ನೀರು ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಹಿಡಿಯುತ್ತದೆ. (ಇದು ಸಮುದ್ರಮಟ್ಟದ ಲೆಕ್ಕ, ಬೆಂಗಳೂರಿನ ಎತ್ತರದಲ್ಲಿ ಹತ್ತನೇ ಒಂದು ಪಾಲು ಕಮ್ಮಿ.) ಈ 8ರಿಂದ ಕೊರತೆ ಕಳೆದರೆ ಸಿಗುವುದೇ ಡಿಓ, ಮುಂದಿನ ಅಂಕಿಗಳೂ ಇದೇ ಅಳತೆಯಲ್ಲಿ. ಶುರುವಿನಲ್ಲಿ ಕೊರತೆ 1. ಕೊಳಚೆ ನದಿನೀರಿನೊಂದಿಗೆ ಬೆರೆತ ಮೇಲೆ ಬಿಓಡಿ 10 ಇದ್ದರೆ ಡಿಓ 5.2ರವರೆಗೆ ಇಳಿದು ಮತ್ತೆ ಮೇಲೇಳುತ್ತದೆ. ಬಿಓಡಿ 20 ಇದ್ದರೆ 2.6ಕ್ಕೆ ಇಳಿಯುತ್ತದೆ. ಮೀನುಗಾರಿಕೆಗೆ ಕನಿಷ್ಠ 4 ಬೇಕು ಅನ್ನುತ್ತದೆ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬಿಓಡಿ 30 ಇದ್ದರೆ ಡಿಓ 0.1, ಅಂದರೆ ಮೀನಿನ ಕಥೆ ಮುಗೀತು.

ಆದರೆ ನನಗೆ ಮುಖ್ಯ ಅನ್ನಿಸೋದು ಈ ತಳಮಟ್ಟ ಎಲ್ಲಿ ಬರುತ್ತದೆ ಅನ್ನೋದು. ಬಿಓಡಿ 20ರ ಲೆಕ್ಕದಲ್ಲಿ ಅದು 2.1 ದಿನದ ನಂತರ. ನದಿ ದಿನಕ್ಕೆ 20 ಕಿ.ಮೀ. ಹರಿಯುತ್ತಿದ್ದರೆ ಕೊಳಚೆ ಸೇರಿದ ಜಾಗದಿಂದ 40 ಕಿ.ಮೀ. ಆಚೆ, ಬೇರೆ ಯಾವುದೋ ಊರಿನ ಮುಂದೆ ಮೀನು ಸಾಯುತ್ತದೆ. ಮೋರಿ ಬಾಯಲ್ಲಿ ನಿಂತು ಮೀಟರ್ ಅದ್ದಿ ‘ಎಲ್ಲ ಸರಿಯಾಗಿದೆ’ ಅನ್ನುವವರಿಗೆ ಈ ಗ್ರಾಫ್ ತೋರಿಸಬೇಕು.

ಈಗ ಬಿಓಡಿ 40 ಹಾಕಿ ನೋಡಿ. ಡಿಓ ಸೊನ್ನೆಗಿಂತ ಕೆಳಗೆ, ಮೈನಸ್ 2.5ಕ್ಕೆ ಹೋಗುತ್ತದೆ. ಇಲ್ಲದ ಆಮ್ಲಜನಕವನ್ನೂ ಮಾಡೆಲ್ ಖರ್ಚು ಮಾಡಿಬಿಟ್ಟಿದೆ! ಬಹಳ ಜನ ಇಲ್ಲಿ ಮೈನಸ್ ಬಂದಲ್ಲೆಲ್ಲ ಸೊನ್ನೆ ಹಾಕಿ ಗ್ರಾಫ್ ಚಂದ ಮಾಡಿಕೊಳ್ಳುತ್ತಾರೆ. ಹಾಗೆ ಮಾಡಬೇಡಿ. ಆಮ್ಲಜನಕ ಮುಗಿದ ಮೇಲೆ ಬೇರೆ ಬ್ಯಾಕ್ಟೀರಿಯಾಗಳ ರಾಜ್ಯ ಶುರುವಾಗುತ್ತದೆ, ಅವು ಸಲ್ಫೇಟ್ ಬಳಸಿ ಹೈಡ್ರೋಜನ್ ಸಲ್ಫೈಡ್ ಬಿಡುತ್ತವೆ. ಬೆಂಗಳೂರಿನ ಮೈಸೂರು ರಸ್ತೆಯಲ್ಲಿ ಕೆಂಗೇರಿ ಕಡೆ ಓಡಾಡುವವರ ಮೂಗಿಗೆ ಅದು ಚೆನ್ನಾಗಿ ಗೊತ್ತು. ಅಲ್ಲಿ ಹರಿಯುವ ವೃಷಭಾವತಿ ನದಿಗೆ ಸ್ಟ್ರೀಟರ್-ಫೆಲ್ಪ್ಸ್ ಹಾಕೋದು ಹಾಗಾಗಿ ದಂಡ. ಇನ್ನೂ ಜೀವ ಇರುವ ನದಿಗೆ ಹಾಕಿ.

ಲ್ಯಾಬ್ ವರದಿಯ ಬಿಓಡಿಯನ್ನು ಹಾಗೇ ಎತ್ತಿ ಹಾಕಬೇಡಿ. ನಮ್ಮಲ್ಲಿ ಪರೀಕ್ಷೆ 27 ಡಿಗ್ರಿಯಲ್ಲಿ 3 ದಿನ. ಅಮೆರಿಕದ ಪಠ್ಯಪುಸ್ತಕಗಳಲ್ಲಿ 20 ಡಿಗ್ರಿಯಲ್ಲಿ 5 ದಿನ. ಸಮೀಕರಣಕ್ಕೆ ಬೇಕಾದ್ದು ಎರಡೂ ಅಲ್ಲ, ಕೊನೆಯವರೆಗೆ ಕೊಳೆತರೆ ಆಗುವ ಒಟ್ಟು ಬಿಓಡಿ. ದರ 0.3 ಆದರೆ 3 ದಿನದಲ್ಲಿ ಅದರ ಶೇ. 59 ಮಾತ್ರ ಕಾಣುತ್ತದೆ. ವರದಿಯಲ್ಲಿ 12 ಇದ್ದರೆ ನೀವು ಹಾಕಬೇಕಾದ್ದು ಸುಮಾರು 20. ಇದೊಂದು ತಪ್ಪಿದರೆ ಸಾಯಬೇಕಾದ ಮೀನೆಲ್ಲ ನಿಮ್ಮ ಶೀಟಿನಲ್ಲಿ ಬದುಕಿಬಿಡುತ್ತವೆ.

ಗಾಳಿಯಿಂದ ಆಮ್ಲಜನಕ ಸೇರುವ ದರವನ್ನೂ ಊಹಿಸಬೇಕಿಲ್ಲ. ಓಕಾನರ್-ಡಾಬಿನ್ಸ್ ಸೂತ್ರದಲ್ಲಿ ಹರಿವಿನ ವೇಗ ಮತ್ತು ಆಳ ಸಾಕು: 3.93 × ವೇಗದ ವರ್ಗಮೂಲ ÷ ಆಳದ 1.5ನೇ ಘಾತ, ಮೀಟರ್-ಸೆಕೆಂಡ್ ಲೆಕ್ಕದಲ್ಲಿ. ನಾನು ಹಿಡಿದ 0.6 ಅಂದರೆ ದಿನಕ್ಕೆ 20 ಕಿ.ಮೀ. ಸಾಗುವ, ಎರಡು ಮೀಟರ್‌ಗಿಂತ ತುಸು ಹೆಚ್ಚು ಆಳದ ನದಿ.

ಕೆರೆಯಾದರೆ ಆಟ ಬೇರೆ. ಅಲ್ಲಿ ಪಾಚಿಯನ್ನು ಬಿಟ್ಟು ಲೆಕ್ಕವೇ ಇಲ್ಲ. ಕೊಳಚೆಯ ರಂಜಕ, ಸಾರಜನಕ ತಿಂದು ಕೊಬ್ಬಿದ ಪಾಚಿ ಹಗಲು ಆಮ್ಲಜನಕ ಬಿಡುತ್ತದೆ, ರಾತ್ರಿ ತಾನೇ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಹಾಗಾಗಿ ಬೆಳಗಿನ ಜಾವ ಡಿಓ ತಳ ಮುಟ್ಟಿರುತ್ತದೆ. ಮಧ್ಯಾಹ್ನ ಇನ್ನೊಂದು ಕಂಟಕ. ಪಾಚಿ ಇಂಗಾಲದ ಡೈಆಕ್ಸೈಡ್ ಎಳೆದುಕೊಂಡಂತೆ ಪಿಎಚ್ ಏರುತ್ತದೆ. 25 ಡಿಗ್ರಿಯಲ್ಲಿ ಪಿಎಚ್ 8 ಇದ್ದಾಗ ಒಟ್ಟು ಅಮೋನಿಯಾದಲ್ಲಿ ಶೇ. 5ರಷ್ಟು ಮಾತ್ರ ಮೀನಿಗೆ ವಿಷವಾಗುವ ರೂಪದಲ್ಲಿರುತ್ತದೆ, 9ಕ್ಕೆ ಏರಿದರೆ ಶೇ. 36. ಕೊಳಚೆ ಒಂದು ಹನಿ ಹೆಚ್ಚಾಗದಿದ್ದರೂ ವಿಷ ಏಳು ಪಟ್ಟು! 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಸಾವಿರಾರು ಮೀನು ಸತ್ತು ತೇಲಿದ್ದು ನೆನಪಿರಬಹುದು. ಬೇಸಿಗೆಯಲ್ಲಿ ನೀರು ಆಮ್ಲಜನಕವನ್ನು ಹಿಡಿಯುವುದೇ ಕಮ್ಮಿ, ಬ್ಯಾಕ್ಟೀರಿಯಾ ಚುರುಕು, ಮೀನಿನ ಉಸಿರಿನ ಅಗತ್ಯವೂ ಜಾಸ್ತಿ. ಮೂರೂ ಒಟ್ಟಿಗೆ ಬಂದು ಬಡಿಯುತ್ತವೆ.

ಇಷ್ಟು ಕೈಗೆ ಹತ್ತಿದ ಮೇಲೆ ನದಿಗೆ ಕ್ವಾಲ್-2ಕೆ ನೋಡಿ, ಉಚಿತ, ಎಕ್ಸೆಲ್‌ನಲ್ಲೇ ನಡೆಯುತ್ತದೆ. ಪಾಚಿಯಿಂದ ಮೀನಿನವರೆಗೆ ಇಡೀ ಆಹಾರ ಸರಪಳಿ ಬೇಕೆಂದರೆ ಅಮೆರಿಕದ ಪರಿಸರ ಸಂಸ್ಥೆಯ ಅಕ್ವಾಟಾಕ್ಸ್ ಇದೆ. ಎಂ.ಎಸ್ಸಿ.ಗೆ ಅದನ್ನು ನಾನು ಶಿಫಾರಸು ಮಾಡಲ್ಲ. ಅದು ಕೇಳುವ ಅಂಕಿಗಳಲ್ಲಿ ಬಹುಪಾಲನ್ನು ನೀವು ಅಳೆದಿರುವುದಿಲ್ಲ, ಅದರಲ್ಲೇ ಇರುವ ಬೇರೆ ದೇಶದ ನೀರಿನ ಅಂಕಿಗಳನ್ನೇ ಬಿಟ್ಟು ರನ್ ಮಾಡುತ್ತೀರಿ. ಗ್ರಾಫ್ ಬಣ್ಣಬಣ್ಣವಾಗಿ ಬರುತ್ತದೆ, ಆದರೆ ಅದು ನಿಮ್ಮ ಕೆರೆಯದ್ದಾಗಿರುವುದಿಲ್ಲ.

ನಂಬಿಕೆಯ ವಿಷಯಕ್ಕೆ ಬಂದರೆ, ಅಳೆದ ಅಂಕಿಗಳನ್ನು ಎರಡು ಭಾಗ ಮಾಡಿ. ಬೇಸಿಗೆಯವನ್ನು ಇಟ್ಟುಕೊಂಡು ದರಗಳನ್ನು ಹೊಂದಿಸಿ, ಮಳೆಗಾಲದವನ್ನು ಮುಟ್ಟದೆ ಎತ್ತಿಡಿ. ತಾಪಮಾನ, ಆಳ, ಹರಿವು ಇವನ್ನು ಮಾತ್ರ ಬದಲಿಸಿ ರನ್ ಮಾಡಿದಾಗ ಎತ್ತಿಟ್ಟ ಅಂಕಿಗಳ ಹತ್ತಿರ ಬಂದರೆ ವೈವಾದಲ್ಲಿ ಧೈರ್ಯವಾಗಿ ಮಾತಾಡಬಹುದು. ಕೆರೆಯ ಸ್ಯಾಂಪಲನ್ನು ಸೂರ್ಯ ಹುಟ್ಟುವ ಮೊದಲು ಒಂದು, ಮಧ್ಯಾಹ್ನ ಮೂರಕ್ಕೆ ಇನ್ನೊಂದು ತೆಗೆಯಿರಿ. ಕಾಲೇಜು ಬಸ್ಸಿನಲ್ಲಿ ಹೋಗಿ ಹನ್ನೊಂದಕ್ಕೆ ತೆಗೆದ ನೀರಿನಲ್ಲಿ ಈ ಎರಡೂ ಸಿಗುವುದಿಲ್ಲ.