ಇಳಕಲ್ ಸೀರೆಯ ಬಣ್ಣ, ನುಡಿಯ ಹಳೆಯ ಕಡತ

ಫೋನು, ಕಂಪ್ಯೂಟರು ಮೊದಲಾದವುಗಳ ಬಗ್ಗೆ ಸಲಹೆ ಕೇಳಿ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಬೆಳಗಾವಿ, ಬಾಗಲಕೋಟೆ, ವಿಜಯಪುರ ಜಿಲ್ಲೆಗಳವು. ‘ಯಾವ ಫೋನ್ ಕೊಳ್ಳಲಿ?’ ಎಂಬ ಪ್ರಶ್ನೆಗಳನ್ನು ಎಂದಿನಂತೆ ಬದಿಗಿಟ್ಟಿದ್ದೇನೆ. ಪತ್ರಿಕೆ ಅಚ್ಚಾಗಿ ತಮ್ಮ ಕೈ ಸೇರುವಷ್ಟರಲ್ಲಿ ಅಂಥ ಉತ್ತರ ಹಳಸಿರುತ್ತದೆ.

ಪ್ರಶ್ನೆ: ನಮ್ಮದು ಇಳಕಲ್‌ನಲ್ಲಿ ಸೀರೆ ಅಂಗಡಿ. ದಾಳಿಂಬೆ ಕೆಂಪಿನ ಸೀರೆಯ ಫೋಟೊ ತೆಗೆದು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಗಿರಾಕಿಗಳಿಗೆ ಅದು ಕೇಸರಿಯಾಗಿ ಕಾಣುತ್ತದೆಯಂತೆ. ಸೀರೆ ತಲುಪಿದ ಮೇಲೆ ‘ನಾವು ನೋಡಿದ ಬಣ್ಣ ಇದಲ್ಲ’ ಎಂದು ಮರಳಿ ಕಳಿಸುತ್ತಾರೆ. ಒಳ್ಳೆಯ ಕ್ಯಾಮೆರಾ ಇರುವ ಹೊಸ ಫೋನ್ ಕೊಳ್ಳಬೇಕೇ?

ಉತ್ತರ: ಕೊಳ್ಳಬೇಡಿ, ದುಬಾರಿ ಫೋನಿನಲ್ಲೂ ಇದೇ ಆಗುತ್ತದೆ. ಫೋನಿನ ಕ್ಯಾಮೆರಾ ಪ್ರತಿಯೊಂದು ಚುಕ್ಕೆಯ ಬಣ್ಣವನ್ನು ಕೆಂಪು, ಹಸಿರು, ನೀಲಿ ಎಂಬ ಮೂರು ಅಂಕಿಗಳಾಗಿ ಬರೆದಿಡುತ್ತದೆ, ಮತ್ತು ಸಾಮಾನ್ಯ ಫೋಟೊದಲ್ಲಿ ಒಂದೊಂದು ಅಂಕಿಯ ಗರಿಷ್ಠ ಮಿತಿ 255. ದಾಳಿಂಬೆ ಕೆಂಪಿನಂಥ ಗಾಢ ಬಣ್ಣದ ಮೇಲೆ ಬೆಳಕು ಹೆಚ್ಚಾಗಿ ಬಿದ್ದಾಗ ಕೆಂಪಿನ ಅಂಕಿ ಬಹುಬೇಗ ಆ ಮಿತಿಯನ್ನು ಮುಟ್ಟಿ ಅಲ್ಲೇ ನಿಂತುಬಿಡುತ್ತದೆ, ಹಸಿರಿನ ಅಂಕಿ ಮಾತ್ರ ಏರುತ್ತಲೇ ಹೋಗುತ್ತದೆ. ಪರದೆಯ ಮೇಲೆ ಕೆಂಪಿಗೆ ಹಸಿರು ಬೆರೆತರೆ ಆಗುವುದೇ ಕೇಸರಿ. ಆದ್ದರಿಂದ ಫೋಟೊ ತೆಗೆಯುವಾಗ ಪರದೆಯ ಮೇಲೆ ಸೀರೆಯ ಒಡಲನ್ನು ಬೆರಳಿನಿಂದ ಒತ್ತಿ, ಅಲ್ಲಿ ಮೂಡುವ ಸೂರ್ಯನ ಗುರುತನ್ನು ತುಸು ಕೆಳಗೆ ಎಳೆಯಿರಿ. ಚಿತ್ರ ಸ್ವಲ್ಪ ಮಂಕಾಯಿತು ಎನ್ನಿಸಿದರೂ ಬಣ್ಣ ಉಳಿಯುತ್ತದೆ.

ಬೆಳಕಿನ ಮಾತೂ ಇದೆ. ಅಂಗಡಿಯೊಳಗಿನ ಎಲ್‌ಇಡಿ ಟ್ಯೂಬ್ ಒಂದು ಬಗೆಯ ಬಿಳಿ, ಬಾಗಿಲಿನಿಂದ ಬರುವ ಹಗಲು ಇನ್ನೊಂದು ಬಗೆಯ ಬಿಳಿ. ಎರಡೂ ಕೂಡಿ ಬಿದ್ದಾಗ ಯಾವುದನ್ನು ಬಿಳಿ ಎಂದು ಹಿಡಿಯಬೇಕೆಂದು ಕ್ಯಾಮೆರಾ ಊಹಿಸುತ್ತದೆ, ಅದರಲ್ಲೂ ಚೌಕಟ್ಟಿನ ತುಂಬ ಒಂದೇ ಬಣ್ಣವಿದ್ದರೆ ಆ ಊಹೆ ತಪ್ಪುವುದೇ ಹೆಚ್ಚು. ಬೆಳಿಗ್ಗೆ ಹತ್ತರ ಸುಮಾರಿಗೆ, ಟ್ಯೂಬ್ ಆರಿಸಿ, ನೇರ ಬಿಸಿಲು ಬೀಳದ ಕಟ್ಟೆಯ ಮೇಲೆ ಸೀರೆ ಹಾಸಿರಿ. ಫೋನಿನಲ್ಲಿ ‘ಪ್ರೊ’ ವಿಧಾನವಿದ್ದರೆ ಯಾವುದು ಬಿಳಿ ಎಂದು ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸನ್ನು 5500 ಕೆಲ್ವಿನ್ ಆಸುಪಾಸಿನಲ್ಲಿ ಕಟ್ಟಿಹಾಕಿ, ಎಲ್ಲ ಸೀರೆಗಳಿಗೂ ಅದನ್ನೇ ಬಳಸಿರಿ. ಹತ್ತಿಯ ಒಡಲು ಮತ್ತು ರೇಷ್ಮೆಯ ಟೋಪ್ ತೆನಿ ವಿನ್ಯಾಸದ ಸೆರಗು ಬೆಳಕನ್ನು ಬೇರೆ ಬೇರೆಯಾಗಿ ಹೊರಳಿಸುವುದರಿಂದ ಸೆರಗಿನದೊಂದು ಪ್ರತ್ಯೇಕ ಚಿತ್ರ ಇರಲಿ.

ಗಿರಾಕಿಯ ಪರದೆ ಮಾತ್ರ ನಮ್ಮ ಕೈಯಲ್ಲಿಲ್ಲ. ಇಂದಿನ ಬಹಳಷ್ಟು ಅಮೊಲೆಡ್ ಪರದೆಯ ಫೋನುಗಳು ಬಣ್ಣವನ್ನು ಇರುವುದಕ್ಕಿಂತ ಉಜ್ವಲವಾಗಿ ತೋರಿಸುವ ‘ವಿವಿಡ್’ ವಿಧಾನದಲ್ಲೇ ಅಂಗಡಿಯಿಂದ ಬರುತ್ತವೆ. ತಮ್ಮ ಫೋನಿನಲ್ಲಿ ಅದನ್ನು ‘ನ್ಯಾಚುರಲ್’ಗೆ ಬದಲಿಸಿಕೊಂಡೇ ಚಿತ್ರವನ್ನು ಒಪ್ಪಬೇಕು. ಗಿರಾಕಿಗಾಗಿ ನಾನು ಹೇಳುವ ಉಪಾಯ ಸ್ವಲ್ಪ ವಿಚಿತ್ರವೆನಿಸಬಹುದು: ಸೆರಗಿನ ಪಕ್ಕ ಒಂದು ಬಿಳಿ ಹಾಳೆಯನ್ನೂ, ಹಣ್ಣಾದ ಒಂದು ಲಿಂಬೆಯನ್ನೂ ಇಟ್ಟು ಫೋಟೊ ತೆಗೆಯಿರಿ. ಲಿಂಬೆಯ ಹಳದಿ ಎಲ್ಲರಿಗೂ ಗೊತ್ತು. ಅದು ಕಿತ್ತಳೆಯಂತೆ ಕಂಡರೆ ತಮ್ಮ ಪರದೆಯೇ ಬಣ್ಣ ಕೆಡಿಸುತ್ತಿದೆ ಎಂದು ಗಿರಾಕಿಗೇ ತಿಳಿಯುತ್ತದೆ. (ವಿಜಯಪುರ ಜಿಲ್ಲೆಯ ಇಂಡಿ ಊರಿನ ಲಿಂಬೆ ಸಿಕ್ಕರೆ ಇನ್ನೂ ಚೆಂದ, ಫೋಟೊ ಮುಗಿದ ಮೇಲೆ ಪಾನಕಕ್ಕಾಯಿತು.) ಚಿತ್ರವನ್ನು ‘ಡಾಕ್ಯುಮೆಂಟ್’ ಆಗಿ ಕಳಿಸಿರಿ. ಮಾಮೂಲಿಯಾಗಿ ಕಳಿಸಿದಾಗ ಕಡತವನ್ನು ಕುಗ್ಗಿಸಲಾಗುತ್ತದೆ, ಹಾಗೆ ಕುಗ್ಗಿಸುವಾಗ ಹೊಳಪಿನ ವಿವರಕ್ಕಿಂತ ಬಣ್ಣದ ವಿವರವನ್ನೇ ಹೆಚ್ಚು ಕೈಬಿಡುತ್ತಾರೆ. ಕಸೂತಿಯ ಎಳೆಗಳ ಬಣ್ಣ ನೆಲದ ಬಣ್ಣದೊಳಗೆ ಹರಡಿಕೊಂಡಂತೆ ಕಾಣುವುದು ಅದರಿಂದಲೇ.

ಪ್ರಶ್ನೆ: ಬೆಳಗಾವಿಯಲ್ಲಿ ನಮ್ಮದೊಂದು ಸಣ್ಣ ಮುದ್ರಣಾಲಯವಿದೆ. 2004ರಿಂದ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿಸಿ ಪೇಜ್‌ಮೇಕರ್‌ನಲ್ಲಿ ಪುಟ ಕಟ್ಟಿದ ಪುಸ್ತಕಗಳ ಕಡತಗಳಿವೆ. ಹೊಸ ಕಂಪ್ಯೂಟರಿಗೆ ಹಾಕಿದರೆ ಕನ್ನಡದ ಬದಲು ಕೊಂಬು, ಚುಕ್ಕೆ ಇರುವ ವಿಚಿತ್ರ ಇಂಗ್ಲಿಷ್ ಅಕ್ಷರಗಳು ಬರುತ್ತವೆ. ಕಡತ ಕೆಟ್ಟಿದೆಯೇ? ಯುನಿಕೋಡ್‌ಗೆ ಬದಲಿಸಿದರೆ ತಪ್ಪುಗಳು ನುಸುಳುವುದಿಲ್ಲವೇ?

ಉತ್ತರ: ಕಡತ ಕೆಟ್ಟಿಲ್ಲ. ಅದರೊಳಗೆ ಕನ್ನಡ ಎಂದೂ ಇರಲಿಲ್ಲ, ಅಷ್ಟೆ. ಆ ಕಾಲದ ನುಡಿ, ಬರಹ ಮೊದಲಾದ ತಂತ್ರಾಂಶಗಳ ಫಾಂಟುಗಳು ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳಿಗೆಂದು ಮೀಸಲಾದ ಸಂಖ್ಯೆಗಳ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ್ದವು; ಅಕ್ಷರದ ಒಡಲು ಒಂದು ಮನೆಯಲ್ಲಿ, ತಲಕಟ್ಟು ಇನ್ನೊಂದು ಮನೆಯಲ್ಲಿ, ಒತ್ತು ಮತ್ತೊಂದರಲ್ಲಿ. ಫಾಂಟು ಇರುವ ತನಕ ಅದು ಕನ್ನಡವಾಗಿ ಕಾಣುತ್ತದೆ. ಹೊಸ ಯಂತ್ರದಲ್ಲಿ ಆ ಫಾಂಟು ಇಲ್ಲದಿದ್ದರೆ ಒಳಗಿರುವ ಅಸಲು ಅಕ್ಷರಗಳೇ ಹೊರಬೀಳುತ್ತವೆ. ಅಂದಿನವರನ್ನು ನಾನು ದೂರುವುದಿಲ್ಲ. ಪ್ರತಿ ಲಿಪಿಯ ಅಕ್ಷರಕ್ಕೂ ಅದರದೇ ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯ 1991ರ ಮೊದಲ ಆವೃತ್ತಿಯಲ್ಲೇ ಕನ್ನಡಕ್ಕೆ ಜಾಗ ಸಿಕ್ಕಿತ್ತಾದರೂ, ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುವ ವ್ಯವಸ್ಥೆ ನಮ್ಮ ಕಂಪ್ಯೂಟರುಗಳಿಗೆ ಬರಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಡಿಯಿತು; ಪೇಜ್‌ಮೇಕರಿಗಂತೂ ಅದು ಬರಲೇ ಇಲ್ಲ. ಅದರ ಕೊನೆಯ ಆವೃತ್ತಿಯಾದ 7 ಬಂದದ್ದು 2001ರಲ್ಲಿ.

ಬದಲಿಸಿರಿ, ಆದರೆ ಮೂಲ ಕಡತವನ್ನು ಅಳಿಸಬೇಡಿ. ನುಡಿಯಿಂದ ಯುನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ, ಮತ್ತು ಸಾದಾ ಪಠ್ಯದ ಮಟ್ಟಿಗೆ ಚೆನ್ನಾಗಿಯೇ ಕೆಲಸ ಮಾಡುತ್ತವೆ. ಎಡವುವುದು ಅರ್ಕಾವೊತ್ತಿನಲ್ಲಿ. ಹಳೆಯ ವಿಧಾನದಲ್ಲಿ ‘ಕರ್ತವ್ಯ’ ಎಂಬ ಪದದ ಅರ್ಕಾವೊತ್ತು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ‘ತ’ದ ನಂತರ ದಾಖಲಾಗಿರುತ್ತದೆ, ಯುನಿಕೋಡ್‌ನಲ್ಲಿ ಉಚ್ಚಾರಣೆಯ ಕ್ರಮದಂತೆ ಮೊದಲು ರಕಾರ, ಆಮೇಲೆ ತಕಾರ. ಪರಿವರ್ತಕ ಈ ಅದಲುಬದಲನ್ನು ಮಾಡಲು ಮರೆತರೆ ಪದದ ರೂಪವೇ ಕೆಡುತ್ತದೆ. ‘ರ‍್ಯಾಂಕ್’, ‘ರ‍್ಯಾಲಿ’ ಎಂಬಲ್ಲಿ ರಕಾರ ಮುಂದೆಯೇ ನಿಲ್ಲಬೇಕಾದ್ದರಿಂದ ಕಣ್ಣಿಗೆ ಕಾಣದ ಒಂದು ಜೋಡಣೆಯ ಚಿಹ್ನೆ ಬೇಕಾಗುತ್ತದೆ, ಅದನ್ನು ಹಲವು ಪರಿವರ್ತಕಗಳು ಹಾಕುವುದಿಲ್ಲ. ಪುಟದ ನಡುವೆ ಬಂದಿರುವ ನಿಜವಾದ ಇಂಗ್ಲಿಷ್ ಪದಗಳೂ ಕನ್ನಡವೆಂದು ತಿಳಿಯಲ್ಪಟ್ಟು ಕಲಸುಮೇಲೋಗರವಾಗುತ್ತವೆ. ಕರಡು ತಿದ್ದುವವರಿಗೆ ಈ ಮೂರನ್ನು ಹೇಳಿ ಕೂರಿಸಿದರೆ ಕೆಲಸ ಅರ್ಧವಾದಂತೆ.

ಬೆಳಗಾವಿಯಲ್ಲಿ ಒಂದೇ ಲಗ್ನಪತ್ರಿಕೆಯಲ್ಲಿ ಕನ್ನಡವೂ ಮರಾಠಿಯೂ ಇರುವುದು ದಿನನಿತ್ಯದ ಮಾತು. ಹಳೆಯ ವಿಧಾನದಲ್ಲಿ ಒಂದು ಸಾಲಿಗೆ ತಪ್ಪು ಫಾಂಟು ಬಿದ್ದರೆ ಬೀಗರ ಹೆಸರೇ ಹೋಯಿತು. ಯುನಿಕೋಡ್‌ನಲ್ಲಿ ಎರಡೂ ಲಿಪಿಗಳಿಗೆ ಸ್ವಂತ ಮನೆಗಳಿರುವುದರಿಂದ ಫಾಂಟು ಬದಲಾದರೆ ಅಂದ ಕೆಟ್ಟೀತೇ ಹೊರತು ಹೆಸರು ಅಳಿಸಿಹೋಗದು. ಇನ್ನು ಟೈಪ್ ಮಾಡುವವರು ಹೊಸದೇನನ್ನೂ ಕಲಿಯಬೇಕಿಲ್ಲ, ಕೆ. ಪಿ. ರಾವ್ ಅವರು ರೂಪಿಸಿದ, ಈಗಾಗಲೇ ಬೆರಳುಗಳಿಗೆ ಒಗ್ಗಿರುವ ಅದೇ ಕೀಲಿಮಣೆಯಲ್ಲಿ ಯುನಿಕೋಡ್ ಕನ್ನಡವೂ ಮೂಡುತ್ತದೆ.

ಪ್ರಶ್ನೆ: ಮುಧೋಳ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಶಿಕ್ಷಕಿ ನಾನು. ಶಾಲೆಯಲ್ಲಿ ಹತ್ತು ವರ್ಷ ಹಳೆಯ ಆರು ಕಂಪ್ಯೂಟರುಗಳಿವೆ. ವಿಂಡೋಸ್ 10ರ ಕಾಲ ಮುಗಿಯಿತು, ಇವುಗಳನ್ನು ಗುಜರಿಗೆ ಹಾಕಿ ಎನ್ನುತ್ತಿದ್ದಾರೆ. ನಿಜವೇ?

ಉತ್ತರ: ಮೊದಲಿನ ಅರ್ಧ ನಿಜ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ರಂದು ಮುಗಿದಿದೆ, ಮತ್ತು ವಿಂಡೋಸ್ 11 ಕೇಳುವ ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಮತ್ತು ಹೊಸ ಪ್ರೊಸೆಸರ್ ಅಷ್ಟು ಹಳೆಯ ಯಂತ್ರಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗುಜರಿಯ ಮಾತನ್ನು ಒಪ್ಪಬೇಡಿ. ಒಂದು ಯಂತ್ರದ ಹಾರ್ಡ್ ಡಿಸ್ಕ್ ತೆಗೆಸಿ ಅದರ ಜಾಗದಲ್ಲಿ ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಿ, ವಿಂಡೋಸ್ ಬದಲಿಗೆ ಉಚಿತವಾಗಿ ಸಿಗುವ ಲಿನಕ್ಸ್ ಮಿಂಟ್‌ನ ಎಕ್ಸ್‌ಎಫ್‌ಸಿಇ ಆವೃತ್ತಿಯನ್ನು ಅನುಸ್ಥಾಪಿಸಿ ನೋಡಿರಿ. 4 ಜಿಬಿ ರ‍್ಯಾಮ್ ಇದ್ದರೆ ಸಾಕು. ತಿರುಗುವ ತಟ್ಟೆಯ ಮೇಲೆ ಮುಳ್ಳು ಓಡಾಡಿ ಮಾಹಿತಿ ಹುಡುಕುವ ಹಾರ್ಡ್ ಡಿಸ್ಕೇ ಹಳೆಯ ಕಂಪ್ಯೂಟರನ್ನು ಕುಂಟಿಸುವುದು, ಪ್ರೊಸೆಸರ್ ಅಲ್ಲ. ಮಕ್ಕಳ ಬರವಣಿಗೆಗೆ ಲಿಬ್ರೆಆಫೀಸ್ ಇದೆ. ಶಾಲೆಯ ಕಚೇರಿ ಕೆಲಸಕ್ಕೆ ವಿಂಡೋಸ್ ಅನಿವಾರ್ಯವಾಗಿದ್ದರೆ ಅದೊಂದು ಯಂತ್ರ ಬೇರೆಯಿರಲಿ. ಒಂದರಲ್ಲಿ ತಿಂಗಳು ನಡೆಸಿ ನೋಡಿದ ಮೇಲೆ ಉಳಿದ ಐದಕ್ಕೆ ದುಡ್ಡು ಹಾಕಿರಿ.

ಪ್ರಶ್ನೆ: ತಿಕೋಟಾ ಹತ್ತಿರ ನಮ್ಮ ದ್ರಾಕ್ಷಿ ತೋಟವಿದೆ. ಬೇಸಿಗೆಯಲ್ಲಿ ಬೈಕಿನ ಹ್ಯಾಂಡಲ್ ಮೇಲೆ ಇಟ್ಟ ಫೋನ್ ಬಿಸಿಯಾಗಿ ತಾನೇ ಆರಿಹೋಗುತ್ತದೆ. ಎರಡನೆಯದು, 10,000 ಎಂಎಎಚ್ ಪವರ್ ಬ್ಯಾಂಕ್ ತಂದರೆ 5,000 ಎಂಎಎಚ್ ಫೋನು ಎರಡು ಬಾರಿ ತುಂಬುತ್ತಿಲ್ಲ. ಇದು ಮೋಸವಲ್ಲವೇ?

ಉತ್ತರ: ಒಣದ್ರಾಕ್ಷಿಯನ್ನೇ ಶೆಡ್ಡಿನ ನೆರಳಿನಲ್ಲಿ ಒಣಗಿಸುವ ತಾವು ಫೋನನ್ನು ಬಿಸಿಲಿಗೆ ಹಾಕಬಹುದೇ? ಆ್ಯಪಲ್ ಕಂಪನಿ ತನ್ನ ಫೋನುಗಳನ್ನು 0ರಿಂದ 35 ಡಿಗ್ರಿವರೆಗಿನ ಹವೆಯಲ್ಲಿ ಬಳಸಲು ಹೇಳುತ್ತದೆ. ವಿಜಯಪುರದ ಏಪ್ರಿಲ್ ತಿಂಗಳಿನ ನೆರಳೇ 40 ದಾಟುವಾಗ, ಬಿಸಿಲಿನಲ್ಲಿರುವ ಕಪ್ಪು ಗಾಜಿನ ಪಾಡನ್ನು ಕೇಳುವುದೇ ಬೇಡ. ಫೋನು ಆರಿಹೋಗುವುದು ತನ್ನನ್ನು ಉಳಿಸಿಕೊಳ್ಳಲು. ಬಿಸಿಯಿದ್ದಾಗ ಚಾರ್ಜ್‌ಗೆ ಹಾಕಿದರೆ ಮಾತ್ರ ಲಿಥಿಯಂ ಬ್ಯಾಟರಿಯ ಆಯುಷ್ಯ ಖಂಡಿತ ಕುಗ್ಗುತ್ತದೆ.

ಪವರ್ ಬ್ಯಾಂಕಿನದು ಮೋಸವಲ್ಲ, ಜಾಣ ಲೆಕ್ಕ. 10,000 ಎಂಬುದು ಒಳಗಿರುವ 3.7 ವೋಲ್ಟಿನ ಕೋಶಗಳ ಲೆಕ್ಕ, ಅಂದರೆ 37 ವ್ಯಾಟ್-ಗಂಟೆ. ಹೊರಗೆ ಕೊಡುವಾಗ ಅದನ್ನು 5 ವೋಲ್ಟಿಗೆ ಏರಿಸಬೇಕು. ಆಗ ಅದೇ ಶಕ್ತಿ 7,400 ಎಂಎಎಚ್ ಆಗುತ್ತದೆ, ಪರಿವರ್ತನೆಯ ಶಾಖದಲ್ಲಿ ಮತ್ತಷ್ಟು ಸೋರುತ್ತದೆ. ತಮ್ಮ ಫೋನನ್ನು ಒಂದೂವರೆ ಬಾರಿಯ ಹತ್ತಿರಕ್ಕೆ ತುಂಬಿಸಿದರೆ ಅದು ಒಳ್ಳೆಯ ಮಾಲು. ಹಿಂಬದಿಯ ಸಣ್ಣಕ್ಷರಗಳಲ್ಲಿ ‘ರೇಟೆಡ್ ಕ್ಯಾಪಾಸಿಟಿ’ ಎಂದು ಬರೆದಿರುವ ಅಂಕಿಯನ್ನು ನೋಡಿಯೇ ಕೊಳ್ಳಿರಿ.

ಪ್ರಶ್ನೆ: ವಿಜಯಪುರದಲ್ಲಿ ಓದುತ್ತಿರುವ ಎಂಜಿನಿಯರಿಂಗ್ ವಿದ್ಯಾರ್ಥಿ ನಾನು. ಸರ್, ಎಲ್ಲರಿಗೂ ಸಲಹೆ ಕೊಡುವ ನೀವು ಸ್ವತಃ ಏನು ಬಳಸುತ್ತೀರಿ? ಇಂಟರ್ನೆಟ್ಟಿನಲ್ಲಿ ಏನು ಓದುತ್ತೀರಿ, ನೋಡುತ್ತೀರಿ?

ಉತ್ತರ: ಆರು ವರ್ಷ ನಾನು ಒಂದು ಅಂದವಾದ ಆ್ಯಪ್‌ನಲ್ಲಿ ಟಿಪ್ಪಣಿ ಬರೆದಿಟ್ಟಿದ್ದೆ. ಒಂದು ದಿನ ‘ಈ ತಿಂಗಳ ಕೊನೆಗೆ ಸೇವೆ ನಿಲ್ಲಿಸುತ್ತಿದ್ದೇವೆ’ ಎಂಬ ಮಿಂಚಂಚೆ ಬಂತು. ಹೊರತೆಗೆದ ಕಡತವನ್ನು ಬೇರೆ ಯಾವ ತಂತ್ರಾಂಶವೂ ತೆರೆಯಲಿಲ್ಲ. ನವನಗರದ ಮನೆಯಲ್ಲಿ ಕುಳಿತು ಎರಡು ಭಾನುವಾರ ಪರದೆ ನೋಡುತ್ತ ಕೈಯಿಂದ ನಕಲು ಮಾಡಿಕೊಂಡೆ. ಅಂದಿನಿಂದ ಒಂದು ತಂತ್ರಾಂಶವನ್ನು ನೋಡಿದ ಕೂಡಲೇ ನಾನು ಕೇಳುವುದು, ಒಳಗೆ ಹಾಕಿದ್ದು ಹಾಗೆಯೇ ಹೊರಗೆ ಬರುತ್ತದೆಯೇ ಎಂದು. ಈಗ ನನ್ನ ಟಿಪ್ಪಣಿಗಳೆಲ್ಲ ಸಾದಾ ಪಠ್ಯದ ಕಡತಗಳು, ನೋಟ್‌ಪ್ಯಾಡ್‌ನಲ್ಲೂ ತೆರೆಯುತ್ತವೆ. ವಿಡಿಯೊಗೆ ವಿಎಲ್‌ಸಿ, ಬ್ರೌಸರಿಗೆ ಫೈರ್‌ಫಾಕ್ಸ್.

ಓದುವುದಕ್ಕೆ ಆರ್‌ಎಸ್‌ಎಸ್ ಎಂಬ ಇಂಟರ್ನೆಟ್ ವ್ಯವಸ್ಥೆ. ನಿಮ್ಮ ವಯಸ್ಸಿನವರು ಅದರ ಹೆಸರು ಕೇಳಿರಲಿಕ್ಕಿಲ್ಲ. ಮೆಚ್ಚಿದ ತಾಣಗಳಲ್ಲಿ ಹೊಸ ಬರಹ ಬಂದಾಗ ಅದನ್ನು ಒಂದೇ ಪಟ್ಟಿಗೆ ತಂದು ಹಾಕುವ ಹಳೆಯ ವ್ಯವಸ್ಥೆ ಅದು. 2013ರ ಜುಲೈ 1ರಂದು ಗೂಗಲ್ ತನ್ನ ರೀಡರ್ ಸೇವೆಯನ್ನು ಮುಚ್ಚಿದಾಗ ಆರ್‌ಎಸ್‌ಎಸ್ ಸತ್ತಿತೆಂದು ಬಹಳ ಜನ ಬರೆದರು. ನನ್ನ ಪಟ್ಟಿ ಮರುದಿನ ಬೆಳಿಗ್ಗೆಯೇ ಬೇರೊಂದು ತಂತ್ರಾಂಶದಲ್ಲಿ ತೆರೆಯಿತು. ನೀವು ಕೇಳುವ ಪಾಡ್‌ಕಾಸ್ಟುಗಳು ಇಂದಿಗೂ ಹೆಚ್ಚಾಗಿ ಅದರ ಮೇಲೆಯೇ ಓಡುತ್ತಿವೆ. ಅದರಲ್ಲಿ ನಾನು ಮೆಚ್ಚುವುದೇನೆಂದರೆ, ಯಾವುದು ಮೊದಲು ಕಾಣಬೇಕೆಂದು ಬೇರೆಯವರು ನಿರ್ಧರಿಸುವುದಿಲ್ಲ. ಪಟ್ಟಿ ಮುಗಿಯುತ್ತದೆ, ಮುಗಿದಾಗ ಎದ್ದು ಹೋಗಬಹುದು.

ಫೋನ್ ವಿಮರ್ಶೆಯ ವಿಡಿಯೊಗಳನ್ನು ನೋಡುತ್ತೇನೆ, ಆದರೆ ಪೆಟ್ಟಿಗೆ ಬಿಚ್ಚುವ ದಿನದವನ್ನಲ್ಲ. ಆರು ತಿಂಗಳು ಬಳಸಿ, ಒಮ್ಮೆ ಬೀಳಿಸಿ, ಸರ್ವಿಸ್ ಸೆಂಟರಿಗೆ ಅಲೆದ ಮೇಲೆ ಮಾತನಾಡುವವರು ಸಿಕ್ಕರೆ ಪೂರ್ತಿ ಕೇಳುತ್ತೇನೆ.

ಪ್ರಶ್ನೆ: ಗೋಕಾಕದ ನಿವೃತ್ತ ನೌಕರ ನಾನು. ಧಾರವಾಡ ಆಕಾಶವಾಣಿಯನ್ನು ಹಳೆಯ ರೇಡಿಯೊದಲ್ಲಿ ಕೇಳುವ ರೂಢಿ. ಎರಡು ವರ್ಷದಿಂದ ಗುಂಯ್ ಎನ್ನುವ ಸದ್ದು. ಮಗ ಸ್ಮಾರ್ಟ್ ಸ್ಪೀಕರ್ ತರುತ್ತೇನೆ ಎನ್ನುತ್ತಾನೆ. ತರಿಸಲೇ?

ಉತ್ತರ: ಮಗನಿಗೆ ನಾಲ್ಕು ದಿನ ತಡೆಯಲು ಹೇಳಿರಿ. ಮೊದಲು ಮನೆಯ ಮೇನ್ ಸ್ವಿಚ್ ಆರಿಸಿ, ರೇಡಿಯೊವನ್ನು ಸೆಲ್ಲಿನ ಮೇಲೆ ಹಚ್ಚಿರಿ. ಸದ್ದು ನಿಂತರೆ ರೇಡಿಯೊ ನಿರ್ದೋಷಿ. ಕಳ್ಳ ಮನೆಯೊಳಗೇ ಇದ್ದಾನೆ. ಅಗ್ಗದ ಎಲ್‌ಇಡಿ ಬಲ್ಬುಗಳಲ್ಲಿಯೂ ಮೊಬೈಲ್ ಚಾರ್ಜರುಗಳಲ್ಲಿಯೂ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಕಡಿದು ಜೋಡಿಸುವ ಸರ್ಕ್ಯೂಟ್ ಇರುತ್ತದೆ, ಅದರ ಗದ್ದಲ ಮಧ್ಯಮ ತರಂಗದ ತನಕ ಹರಡುತ್ತದೆ. ಧಾರವಾಡ ಬರುವುದು ಈ ತರಂಗದಲ್ಲೇ, 765 ಕಿಲೋಹರ್ಟ್ಸ್‌ನಲ್ಲಿ, ತಮ್ಮ ರೇಡಿಯೊದ ಮುಖದ ಮೇಲೆ ಮೀಟರಿನ ಅಂಕಿಗಳಿದ್ದರೆ 392ರ ಹತ್ತಿರ. ಮೇನ್ ಮತ್ತೆ ಹಾಕಿ, ಬಲ್ಬುಗಳನ್ನೂ ಚಾರ್ಜರುಗಳನ್ನೂ ಒಂದೊಂದಾಗಿ ಹಚ್ಚುತ್ತ ಹೋದರೆ ಸದ್ದು ಮಾಡುವುದು ಯಾವುದೆಂದು ಹತ್ತು ನಿಮಿಷದಲ್ಲಿ ಗೊತ್ತಾಗುತ್ತದೆ, ಅದನ್ನು ಬದಲಿಸಿರಿ. ಆಮೇಲೂ ತುಸು ಉಳಿದರೆ ರೇಡಿಯೊವನ್ನು ಕಿಟಕಿಯ ಬಳಿ ಇಟ್ಟು ನಿಧಾನವಾಗಿ ತಿರುಗಿಸಿರಿ. ಒಳಗಿರುವ ಫೆರೈಟ್ ಕಡ್ಡಿಯ ಆಂಟೆನಾ ತನ್ನ ಅಡ್ಡದಿಂದ ಬರುವುದನ್ನು ಚೆನ್ನಾಗಿ ಹಿಡಿಯುತ್ತದೆ, ತುದಿಯ ದಿಕ್ಕಿನಿಂದ ಬರುವುದನ್ನು ಬಹುಮಟ್ಟಿಗೆ ಬಿಡುತ್ತದೆ. ಸದ್ದು ಕಡಿಮೆಯಾಗಿ ಮಾತು ಸ್ಪಷ್ಟವಾದ ಕಡೆ ಮೇಜಿನ ಮೇಲೆ ಸೀಮೆಸುಣ್ಣದಿಂದ ಒಂದು ಗೀಟು ಎಳೆದಿಡಿ. ಧೂಳು ಒರೆಸಿದವರು ಮತ್ತೆ ತಿರುಗಿಸಿ ಇಟ್ಟಿರುತ್ತಾರೆ.