ಮೂರು ತಿಂಗಳ ಐವರ್ಮೆಕ್ಟಿನ್ ಕಣಗಳು: ಮೊದಲ ದಿನವೇ ಔಷಧಿ ಸೋರಿಹೋದರೆ ಏನು ಮಾಡಬೇಕು?

ನಿಮ್ಮ ಪ್ರಶ್ನೆ ಇಷ್ಟು: ಮೈಯೊಳಗೆ ನಿಧಾನವಾಗಿ ಕರಗುವ ಪಿಎಲ್‌ಜಿಎ ಅನ್ನುವ ಪಾಲಿಮರ್‌ನ ಕಣಗಳಲ್ಲಿ, ಹುಳು ಕೊಲ್ಲುವ ಔಷಧಿ ಐವರ್ಮೆಕ್ಟಿನ್ ತುಂಬಿದ್ದೀರಿ. ದನಕ್ಕೆ ಒಂದೇ ಇಂಜೆಕ್ಷನ್‌ನಲ್ಲಿ ಮೂರು ತಿಂಗಳು ಹುಳುಬಾಧೆ ತಡೆಯಬೇಕು. ಆದರೆ ಮೊದಲ ದಿನವೇ ಔಷಧಿಯ ದೊಡ್ಡ ಪಾಲು ಹೊರಗೆ ಬಂದುಬಿಡುತ್ತಿದೆ.

ನನ್ನ ಕೆಲಸವೂ ಇದೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ. ಮೊದಲು ಕಣಗಳನ್ನು ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ನೋಡಿ. ಮೈ ನುಣುಪಾಗಿರಬೇಕು. ಸೂಜಿಯಂಥ ಹರಳುಗಳು ಅಂಟಿಕೊಂಡಿದ್ದರೆ ಔಷಧಿ ಪಾಲಿಮರ್ ಒಳಗೆ ಸೇರಿಲ್ಲ, ಹೊರಗೇ ಕೂತಿದೆ ಅಂತ ಅರ್ಥ. ಐವರ್ಮೆಕ್ಟಿನ್ ನೀರಿನಲ್ಲಿ ಕರಗುವುದು ತೀರಾ ಕಡಿಮೆ, ಅಲ್ವಾ? ಅದಕ್ಕೇ ತುಂಬಿದ ಔಷಧಿಯ ಲೆಕ್ಕ ಸಾಮಾನ್ಯವಾಗಿ ಚೆನ್ನಾಗೇ ಬರುತ್ತದೆ. ಆದರೆ ಅದು ಎಲ್ಲಿ ಕೂತಿದೆ ಅಂತ ಆ ಲೆಕ್ಕದಿಂದ ತಿಳಿಯುವುದಿಲ್ಲ.

ಹರಳು ಕಂಡರೆ ಔಷಧಿಯ ಪ್ರಮಾಣ ಇಳಿಸಿ, ಪಾಲಿಮರ್ ದ್ರಾವಣವನ್ನು ಇನ್ನಷ್ಟು ಗಟ್ಟಿ ಮಾಡಿ. ತೂತು ಕಂಡರೆ ದ್ರಾವಕವನ್ನು ಹೊರಹಾಕುವ ಅವಸರ ಜಾಸ್ತಿಯಾಗಿರಬಹುದು. ಪಾಲಿಮರ್ ಕರಗಿಸಲು ಬಳಸುವ ಡೈಕ್ಲೋರೋಮೀಥೇನ್ ಸುಮಾರು 40 ಡಿಗ್ರಿಗೇ ಕುದಿಯುತ್ತದೆ. ಬೇಗ ಹೋಗಲಿ ಅಂತ ಬಿಸಿ ಮಾಡಿದರೆ, ಅಥವಾ ಒಮ್ಮೆಲೇ ವ್ಯಾಕ್ಯೂಮ್ ಕೊಟ್ಟರೆ, ಹನಿಯೊಳಗೆ ಗುಳ್ಳೆ ಎದ್ದು ತೂತು ಉಳಿಯುತ್ತದೆ. ಹನಿಗಳು ಒಂದಕ್ಕೊಂದು ಅಂಟದಂತೆ ತಡೆಯುವ ಪಿವಿಎ (ಪಾಲಿವಿನೈಲ್ ಆಲ್ಕೊಹಾಲ್) ದ್ರಾವಣವನ್ನು ತಣ್ಣಗಿಟ್ಟು ಅದರಲ್ಲಿ ಶುರುಮಾಡಿ, ನಿಧಾನವಾಗಿ ಕೋಣೆಯ ಬಿಸಿಗೆ ತನ್ನಿ. ಆಮೇಲೆ ಚೆನ್ನಾಗಿ ತೊಳೆದು ಜರಡಿ ಹಿಡಿಯಿರಿ. 30ರಿಂದ 100 ಮೈಕ್ರಾನ್ ಒಳ್ಳೆಯ ಗಾತ್ರ. ಸಣ್ಣ ಪುಡಿ ಬೇಗ ಸೋರುತ್ತದೆ, 10 ಮೈಕ್ರಾನಿಗಿಂತ ಚಿಕ್ಕದನ್ನು ಮೈಯ ರಕ್ಷಣಾ ಕೋಶಗಳಾದ ಮ್ಯಾಕ್ರೋಫೇಜ್‌ಗಳು ನುಂಗಿಬಿಡುತ್ತವೆ, ತೀರಾ ದೊಡ್ಡದು ಸೂಜಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೊನೆಗೆ ಫ್ರೀಜ್ ಡ್ರೈ ಮಾಡಿ. ಉಳಿದ ಡೈಕ್ಲೋರೋಮೀಥೇನ್ 600 ಪಿಪಿಎಂ ದಾಟುವಂತಿಲ್ಲ.

ಇಷ್ಟು ಮಾಡಿದರೆ ಮೊದಲ ದಿನದ ಸೋರಿಕೆ ಹೆಚ್ಚಿನಂಶ ಹತೋಟಿಗೆ ಬರುತ್ತದೆ. ನನಗೆ ಅದಕ್ಕಿಂತ ಜಾಸ್ತಿ ಚಿಂತೆ ಇರುವುದು ಕೊನೆಯ ವಾರಗಳ ಬಗ್ಗೆ. ಔಷಧಿ ಹುಳು ಕೊಲ್ಲುವ ಮಟ್ಟಕ್ಕಿಂತ ಕೆಳಗಿಳಿದು ವಾರಗಟ್ಟಲೆ ಎಳೆಯುತ್ತಾ ಹೋದರೆ, ತಡೆದುಕೊಳ್ಳುವ ಹುಳುಗಳು ಮಾತ್ರ ಉಳಿದು ಸಂತಾನ ಬೆಳೆಸುತ್ತವೆ. ಹಾಲು, ಮಾಂಸದಲ್ಲೂ ಔಷಧಿಯ ಶೇಷ ಅಷ್ಟೇ ದಿನ ಎಳೆಯುತ್ತದೆ. ಒಮ್ಮೆ ಚರ್ಮದ ಕೆಳಗೆ ಹೋದ ಕಣಗಳನ್ನು ವಾಪಸ್ ತೆಗೆಯಲೂ ಆಗದು. ಹಾಗಾಗಿ ಪಾಲಿಮರ್ ಆರಿಸುವಾಗ ಬಿಡುಗಡೆ ಹೇಗೆ ಮುಗಿಯಬೇಕು ಅನ್ನುವುದನ್ನೇ ಮೊದಲು ತೀರ್ಮಾನಿಸಿ. ಪಿಎಲ್‌ಜಿಎಯ ಎರಡು ಘಟಕಗಳಾದ ಲ್ಯಾಕ್ಟೈಡ್–ಗ್ಲೈಕೊಲೈಡ್ 50:50 ಪ್ರಮಾಣದಲ್ಲಿ ಇದ್ದರೆ ಪಾಲಿಮರ್ ಒಂದೆರಡು ತಿಂಗಳಲ್ಲಿ ಕರಗುತ್ತದೆ, 75:25 ನಾಲ್ಕೈದು ತಿಂಗಳು ಹಿಡಿಯುತ್ತದೆ. ನಿಮಗೆ ಕಡಿಮೆ ಅಣುತೂಕದ 75:25ರಿಂದ ಶುರುಮಾಡುವುದು ಸರಿ ಅನಿಸುತ್ತದೆ. ಐವರ್ಮೆಕ್ಟಿನ್ ಗುಂಪಿನದೇ ಔಷಧಿ ಎಪ್ರಿನೊಮೆಕ್ಟಿನ್‌ನ ಲಾಂಗ್‌ರೇಂಜ್ ಅನ್ನುವ ದನದ ಇಂಜೆಕ್ಷನ್ ನೋಡಿ. ಅದು ಕಣವಲ್ಲ, ಚರ್ಮದ ಕೆಳಗೆ ಜೆಲ್ ಆಗುವ ಪಿಎಲ್‌ಜಿಎ ದ್ರಾವಣ. ಪಾಲಿಮರ್ ಒಡೆಯುವಾಗ ರಕ್ತದಲ್ಲಿ ಔಷಧಿ ಎರಡನೇ ಸಲ ಏರಿ, ಆಮೇಲೆ ಇಳಿಯುತ್ತದೆ. 100ರಿಂದ 150 ದಿನ ರಕ್ಷಣೆ ಸಿಗುವುದು ಹಾಗೆ.

ಇನ್ನೊಂದು ಮಾತು, ಲ್ಯಾಬ್‌ನಲ್ಲಿ ಬಿಡುಗಡೆ ಅಳೆಯುವ ನಿಮ್ಮ ಪರೀಕ್ಷೆಯ ಬಗ್ಗೆ. ಬರೀ ಬಫರ್‌ನಲ್ಲಿ (ಪಿಎಚ್ ಸ್ಥಿರವಾಗಿಡುವ ನೀರಿನ ದ್ರಾವಣ) ಐವರ್ಮೆಕ್ಟಿನ್ ಇನ್ನು ಕರಗಲಾರದ ಮಟ್ಟವನ್ನು ಬೇಗ ಮುಟ್ಟಿ ಬಿಡುಗಡೆ ನಿಂತಂತೆ ಕಾಣುತ್ತದೆ, ಅದನ್ನು ನಂಬಬೇಡಿ. ಔಷಧಿ ಕರಗಲು ನೆರವಾಗುವ ಟ್ವೀನ್‌ನಂಥ ಸರ್ಫ್ಯಾಕ್ಟಂಟ್ ಹಾಕಿ, ದ್ರಾವಣ ಆಗಾಗ ಬದಲಿಸಿ. ದನದ ಮೈಬಿಸಿ 38.5 ಡಿಗ್ರಿ ಆಸುಪಾಸು. 37ರ ಜೊತೆಗೆ ಅಲ್ಲೂ ಒಂದು ಸೆಟ್ ಇಡಿ. ಮೊದಲ ವಾರದ ಗ್ರಾಫ್ ಚೆನ್ನಾಗಿ ಬಂತು ಅಂತ ನಿಲ್ಲಿಸದೆ, ಔಷಧಿ ಪೂರ್ತಿ ಖಾಲಿಯಾಗುವವರೆಗೂ ಸ್ಯಾಂಪಲ್ ತೆಗೆಯುತ್ತಿರಿ.