ಭಾಷಣ ಬಿಡಿ, ಪಾಟೀ ಸವಾಲು ಹಿಡಿಯಿರಿ

ಸಾಗರ ಕಡೆಯ ಪದವಿಪೂರ್ವ ಕಾಲೇಜೊಂದರ ಕನ್ನಡ ಉಪನ್ಯಾಸಕಿಯೊಬ್ಬರು ಬರೆದಿದ್ದಾರೆ. ವಾದ ಮಂಡಿಸುವ ಪ್ರಬಂಧ ಬರೆಸಿದರೆ ಎಲ್ಲರದೂ ಒಂದೇ ಅಚ್ಚು: ಪೀಠಿಕೆಯಲ್ಲಿ ‘ಇಂದಿನ ಆಧುನಿಕ ಯುಗದಲ್ಲಿ’, ಉಪಸಂಹಾರದಲ್ಲಿ ‘ಆದ್ದರಿಂದ ನಾವೆಲ್ಲರೂ’. ಇದಕ್ಕೆ ಬೇಸತ್ತು ಕೋರ್ಟ್ ಸಿನಿಮಾಗಳ ಕೆಲವು ದೃಶ್ಯ ತೋರಿಸಿದರಂತೆ. ಮಕ್ಕಳು ಕಣ್ಣು ಮಿಟುಕಿಸದೆ ನೋಡಿದರು. ಆದರೆ ಮುಂದಿನ ವಾರದ ಪ್ರಬಂಧಗಳು ‘ಮಹಾಸ್ವಾಮಿ’ ಎಂದು ಶುರುವಾಗಿ, ಸಾಲುಸಾಲು ಆಶ್ಚರ್ಯಸೂಚಕ ಚಿಹ್ನೆಗಳಲ್ಲಿ ಮುಗಿದವು. ‘ಸಿನಿಮಾ ತೋರಿಸಿದರೆ ಇನ್ನೇನಾಗುತ್ತೆ’ ಎನ್ನುತ್ತಿದ್ದಾರೆ ಸಹೋದ್ಯೋಗಿಗಳು. ಈ ದಾರಿ ಬಿಡಬೇಕೆ? ಬಿಡುವುದು ಬೇಡವಾದರೆ ಯಾವ ದೃಶ್ಯ, ಹೇಗೆ ತೋರಿಸಬೇಕು, ಅಂಕ ಹೇಗೆ ಕೊಡಬೇಕು? ಇದು ಅವರ ಪ್ರಶ್ನೆ.

ಮೇಡಂ, ದಾರಿ ಬಿಡಬೇಡಿ. ನೀವು ಆರಿಸಿದ ದೃಶ್ಯಗಳು ಕೈಕೊಟ್ಟಿವೆ, ಅಷ್ಟೇ. ಪತ್ರದಲ್ಲಿ ನೀವು ಹೆಸರಿಸಿದ ನಾಲ್ಕೂ ವಕೀಲರ ಕೊನೆಯ ಭಾಷಣಗಳು. ಸಿನಿಮಾದಲ್ಲಿ ಆ ಭಾಷಣ ಬರುವ ಹೊತ್ತಿಗೆ ಪ್ರೇಕ್ಷಕ ಒಂದೂವರೆ ಗಂಟೆ ಸಾಕ್ಷ್ಯ ನೋಡಿರುತ್ತಾನೆ. ಕೊಲೆಯಾದ ಮನೆ, ಸುಳ್ಳು ಹೇಳಿದ ಸಾಕ್ಷಿ, ಕಾಣೆಯಾದ ಕಾಗದ ಎಲ್ಲವೂ ಅವನ ತಲೆಯಲ್ಲಿವೆ. ವಕೀಲ ಅವನ್ನು ನೆನಪಿಸಿದರೆ ಸಾಕು, ಉಳಿದದ್ದನ್ನು ನಟನ ದನಿ ಮತ್ತು ಹಿನ್ನೆಲೆ ಸಂಗೀತ ನೋಡಿಕೊಳ್ಳುತ್ತವೆ. ನಿಮ್ಮ ವಿದ್ಯಾರ್ಥಿ ಆ ಒಂದೂವರೆ ಗಂಟೆಯನ್ನು ಬಿಟ್ಟು ಭಾಷಣವನ್ನಷ್ಟೇ ಎತ್ತಿಕೊಂಡ. ಓದುಗನಿಗೆ ಏನೂ ತೋರಿಸದೆ ಕಣ್ಣೀರು ಕೇಳಿದ.

ಆ ಭಾಷಣಗಳಾದರೂ ಕೋರ್ಟಿನಲ್ಲಿ ಕೆಲಸ ಮಾಡುತ್ತವೆಯೇ? ಶೇಕ್ಸ್‌ಪಿಯರನ ‘ಮರ್ಚೆಂಟ್ ಆಫ್ ವೆನಿಸ್’ ನಾಟಕದ ನಾಲ್ಕನೇ ಅಂಕ ನೋಡಿ. ಸಾಲ ತೀರದಿದ್ದರೆ ಆಂಟೋನಿಯೋನ ಮೈಯಿಂದ ಒಂದು ಪೌಂಡ್ ಮಾಂಸ ಎಂಬುದು ಸಾಲ ಕೊಟ್ಟ ಶೈಲಾಕನ ಕರಾರು. ಆಂಟೋನಿಯೋನನ್ನು ಉಳಿಸಲು ನ್ಯಾಯಪಂಡಿತನ ವೇಷದಲ್ಲಿ ಬಂದವಳು ಪೋರ್ಷಿಯಾ. ದಯೆಯ ಬಗ್ಗೆ ಪೋರ್ಷಿಯಾ ಆಡುವ ಮಾತುಗಳನ್ನು ಜಗತ್ತೇ ಬಾಯಿಪಾಠ ಮಾಡಿಕೊಂಡಿದೆ. ಆದರೆ ಶೈಲಾಕ್ ಆ ಮಾತಿಗೆ ಕೂದಲೆಳೆಯಷ್ಟೂ ಕರಗುವುದಿಲ್ಲ, ಕರಾರಿನಂತೆ ನಡೆಯಲಿ ಎನ್ನುತ್ತಾನೆ. ಆಂಟೋನಿಯೋನ ಜೀವ ಉಳಿಯುವುದು ಆಮೇಲೆ, ಪೋರ್ಷಿಯಾ ಕರಾರುಪತ್ರವನ್ನೇ ಕೈಗೆತ್ತಿಕೊಂಡು ಓದಿದಾಗ: ಪತ್ರದಲ್ಲಿರುವುದು ಒಂದು ಪೌಂಡ್ ಮಾಂಸ, ರಕ್ತದ ಮಾತು ಅದರಲ್ಲಿಲ್ಲ. ಗೆದ್ದದ್ದು ಎದುರಾಳಿಯದೇ ದಾಖಲೆಯ ನಿಕಟ ಓದು. ಎರಡೂ ಭಾಗಗಳನ್ನು ಒಟ್ಟಿಗೆ ಓದಿಸಿ, ‘ಇವುಗಳಲ್ಲಿ ಯಾವುದು ಕೆಲಸ ಮಾಡಿತು?’ ಎಂದು ಕೇಳಿ. ಉತ್ತರವನ್ನು ಅವರೇ ಹೇಳುತ್ತಾರೆ.

ಪರದೆಯ ಮೇಲೆ ತೋರಿಸಲು ಒಂದೇ ಒಂದನ್ನು ಹೇಳಿ ಎಂದರೆ ಸಿಡ್ನಿ ಲುಮೆಟ್ ನಿರ್ದೇಶನದ ‘ಟ್ವೆಲ್ವ್ ಆಂಗ್ರಿ ಮೆನ್’ (1957). ಇಂಗ್ಲಿಷ್ ಕಷ್ಟವಾದರೆ ಬಾಸು ಚಟರ್ಜಿಯವರ ಹಿಂದಿ ರೂಪ ‘ಏಕ್ ರುಕಾ ಹುವಾ ಫೈಸ್ಲಾ’ ಇದೆ. ತಂದೆಯನ್ನು ಕೊಂದ ಆರೋಪ ಹೊತ್ತ ಹುಡುಗ, ಒಂದು ಕೋಣೆ, 12 ಜ್ಯೂರಿ ಸದಸ್ಯರು, ಅಂದರೆ ಅವನು ಅಪರಾಧಿಯೇ ಅಲ್ಲವೇ ಎಂದು ತೀರ್ಮಾನಿಸಲು ಕೂತ ಸಾಮಾನ್ಯ ನಾಗರಿಕರು. ಮೊದಲ ಮತದಲ್ಲಿ 11 ಮಂದಿ ‘ಅಪರಾಧಿ’, ಎಂಟನೇ ಸದಸ್ಯನೊಬ್ಬನೇ ‘ಅಲ್ಲ’. ನಮ್ಮಲ್ಲಿ 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಜಾಗವಿಲ್ಲದೆ ಹೋಯಿತು, ಹಾಗಾಗಿ ಮಕ್ಕಳಿಗೆ ಅದು ಏನೆಂದು ಎರಡು ಮಾತಿನಲ್ಲಿ ಹೇಳಬೇಕಾಗುತ್ತದೆ.

ಇಡೀ ಸಿನಿಮಾ ಬೇಡ. ಕೆಳಮನೆಯ ಮುದುಕನ ಸಾಕ್ಷ್ಯವನ್ನು ಪರೀಕ್ಷಿಸುವ ಭಾಗ ಸಾಕು. ಮೇಲಿಂದ ಕೂಗು ಕೇಳಿತು, ದೇಹ ಬಿದ್ದ ಸದ್ದು ಕೇಳಿತು, ಎದ್ದು ಬಾಗಿಲಿಗೆ ಓಡಿದೆ, 15 ಸೆಕೆಂಡಿನಲ್ಲಿ ಬಾಗಿಲು ತೆರೆದೆ, ಹುಡುಗ ಮೆಟ್ಟಿಲಿಳಿದು ಓಡುತ್ತಿದ್ದ ಎಂಬುದು ಮುದುಕನ ಮಾತು. ಎಂಟನೇ ಸದಸ್ಯ ‘ಮುದುಕ ಸುಳ್ಳುಗಾರ’ ಎನ್ನುವುದಿಲ್ಲ. ಮನೆಯ ನಕ್ಷೆ ತರಿಸುತ್ತಾನೆ. ನೆಲದ ಮೇಲೆ ಅಳತೆ ಹಾಕುತ್ತಾನೆ. ಪಾರ್ಶ್ವವಾಯು ಹೊಡೆದ ಮುದುಕ ಕಾಲೆಳೆದು ನಡೆಯುವಂತೆ ತಾನೇ ನಡೆದು ತೋರಿಸುತ್ತಾನೆ, ಇನ್ನೊಬ್ಬ ಗಡಿಯಾರ ನೋಡುತ್ತಾನೆ. 41 ಸೆಕೆಂಡು. ಮುದುಕ ಹೆಜ್ಜೆಸದ್ದು ಕೇಳಿ, ಓಡಿದವನು ಹುಡುಗನೇ ಎಂದುಕೊಂಡಿರಬೇಕು ಎಂದು ಎಂಟನೇ ಸದಸ್ಯ ಆಮೇಲೆ ಹೇಳುತ್ತಾನೆ. ಒಳ್ಳೆಯ ಪ್ಯಾರಾಗ್ರಾಫ್ ನಡೆಯುವುದೂ ಇದೇ ಕ್ರಮದಲ್ಲಿ: ಎದುರು ಪಕ್ಷದ ಮಾತನ್ನು ಅದಿರುವಂತೆಯೇ ಹೇಳು, ಅದು ನಿಂತಿರುವ ಒಂದು ಕಂಬ ಯಾವುದೆಂದು ಗುರುತಿಸು, ಅಳೆದು ತೋರಿಸು, ಸುಮ್ಮನಾಗು.

ಇದನ್ನು ನೋಡುವಾಗ ಪುಟವನ್ನು ಮೂರು ಕಾಲಂ ಮಾಡಿಸಿ. ಮೊದಲನೆಯದು ಹೇಳಿಕೆ, ಎರಡನೆಯದು ಸಾಕ್ಷ್ಯ, ಮೂರನೆಯದು ‘ಇದರಿಂದ ಅದು ಹೇಗೆ?’. ಮೊದಲೆರಡನ್ನು ಎಲ್ಲರೂ ತುಂಬುತ್ತಾರೆ, ಮೂರನೆಯದು ಖಾಲಿ ಉಳಿಯುತ್ತದೆ. ಪ್ರಬಂಧಗಳು ಸೋಲುವುದು ಆ ಖಾಲಿ ಕಾಲಂನಲ್ಲಿ. 15ಕ್ಕೂ 41ಕ್ಕೂ ವ್ಯತ್ಯಾಸವಿದ್ದರೆ ಏನಾಯಿತು? ಓಡುವವನು ಮುದುಕನಿಗಾಗಿ ಮೆಟ್ಟಿಲ ಮೇಲೆ ಕಾಯುವುದಿಲ್ಲ ಎಂಬ ಕೊಂಡಿ ಇದ್ದರಷ್ಟೇ ಆ ಅಂಕಿಗೆ ಅರ್ಥ. ಬ್ರಿಟಿಷ್ ತತ್ತ್ವಶಾಸ್ತ್ರಜ್ಞ ಸ್ಟೀಫನ್ ಟೂಲ್ಮಿನ್ 1958ರಲ್ಲಿ ವಾದದ ರಚನೆಯ ಬಗ್ಗೆ ಬರೆದಾಗ ಮಾದರಿಯಾಗಿ ಹಿಡಿದದ್ದು ಗಣಿತವನ್ನಲ್ಲ, ನ್ಯಾಯಾಲಯವನ್ನು. ಈ ಮೂರನೇ ಕಾಲಂ ಅವರ ಕೊಡುಗೆಯೇ.

ಇಲ್ಲಿ ಒಂದು ಎಚ್ಚರಿಕೆ. ಆ ಎಂಟನೇ ಸದಸ್ಯನ ಕೆಲಸ ಪ್ರಬಂಧಕಾರನ ಕೆಲಸಕ್ಕಿಂತ ಹಗುರ. ಅವನು ಹುಡುಗ ನಿರಪರಾಧಿ ಎಂದು ಸಾಧಿಸಬೇಕಾಗಿಲ್ಲ, ಸಂಶಯ ಹುಟ್ಟಿಸಿದರೆ ಮುಗಿಯಿತು. ಕೋರ್ಟ್ ಸಿನಿಮಾಗಳ ನಾಯಕರು ಬಹುಪಾಲು ಆರೋಪಿಯ ಪರ ವಕೀಲರಾದ್ದರಿಂದ ಒಡೆಯುವುದೇ ವಾದ ಎಂಬ ಭ್ರಮೆ ಮಕ್ಕಳಿಗೆ ಬರುತ್ತದೆ. ‘ಹೀಗಾಗಬೇಕು’ ಎಂದು ಬರೆಯುವವನು ಫಿರ್ಯಾದಿಯ ಸ್ಥಾನದಲ್ಲಿದ್ದಾನೆ. ಯಾರು ಹೇಳುತ್ತಾರೋ ಅವರೇ ರುಜುವಾತು ಮಾಡಬೇಕು ಎಂಬುದು 1872ರ ಸಾಕ್ಷ್ಯ ಅಧಿನಿಯಮದಲ್ಲಿದ್ದ ನಿಯಮ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲೂ ಅದೇ ಇದೆ. ಎದುರಾಳಿಯ ಮಾತು ಬಿದ್ದ ಮಾತ್ರಕ್ಕೆ ನನ್ನದು ನಿಲ್ಲುವುದಿಲ್ಲ.

ಅದೇ ಕಾನೂನಿನಿಂದ ಇನ್ನೆರಡು ನಿಯಮಗಳನ್ನು ತರಗತಿಯ ಗೋಡೆಗೆ ಅಂಟಿಸಬಹುದು. ಒಂದು, ಬಾಯಿಮಾತಿನ ಸಾಕ್ಷ್ಯ ನೇರವಾಗಿರಬೇಕು: ಕಂಡ ವಿಷಯವಾದರೆ ಕಂಡವನೇ ಹೇಳಬೇಕು, ಕೇಳಿದ್ದಾದರೆ ಕೇಳಿದವನೇ. ‘ಎಲ್ಲರಿಗೂ ತಿಳಿದಿರುವಂತೆ’, ‘ತಜ್ಞರ ಪ್ರಕಾರ’, ‘ಸಮೀಕ್ಷೆಯೊಂದು ಹೇಳುತ್ತದೆ’ ಎಂಬ ಮೂರೂ ಕಟಕಟೆ ಹತ್ತದ ಸಾಕ್ಷಿಗಳು. ಇನ್ನೊಂದು, ತನ್ನದೇ ಸಾಕ್ಷಿಯ ಮುಖ್ಯ ವಿಚಾರಣೆಯಲ್ಲಿ ವಕೀಲ ಸಾಮಾನ್ಯವಾಗಿ ಉತ್ತರ ಸೂಚಿಸುವ ಪ್ರಶ್ನೆ ಕೇಳುವಂತಿಲ್ಲ, ಪಾಟೀ ಸವಾಲಿನಲ್ಲಿ, ಅಂದರೆ ಎದುರು ಪಕ್ಷದ ಸಾಕ್ಷಿಯನ್ನು ಪ್ರಶ್ನಿಸುವಾಗ, ಕೇಳಬಹುದು. ‘ಇದು ನ್ಯಾಯವೇ? ಇದನ್ನು ನಾವು ಸಹಿಸಬೇಕೇ?’ ಎಂದು ಪ್ರಬಂಧದಲ್ಲಿ ಕೇಳುವವನು ಓದುಗನ ಬಾಯಿಗೆ ಉತ್ತರ ತುರುಕುತ್ತಿದ್ದಾನೆ. ಅಂಥ ಪ್ರಶ್ನೆಗಳನ್ನೆಲ್ಲ ಹೊಡೆದುಹಾಕಿ ಪ್ಯಾರಾ ಇನ್ನೂ ನಿಲ್ಲುತ್ತದೆಯೇ ನೋಡಲು ಹೇಳಿ. ಬಹಳ ಸಲ ಉಳಿಯುವುದು ಒಂದೇ ವಾಕ್ಯ.

ಎದುರು ವಾದಕ್ಕೆ ಉತ್ತರ ಕೊಡುವುದನ್ನು ಕಲಿಸಲು ಹಾಲಿವುಡ್‌ವರೆಗೆ ಹೋಗಬೇಕಿಲ್ಲ. ನಿಮ್ಮ ಸುತ್ತಮುತ್ತಲೇ ತಾಳಮದ್ದಲೆ ನಡೆಯುತ್ತದೆ, ವೇಷ, ಕುಣಿತವಿಲ್ಲದೆ ಹಾಡು ಮತ್ತು ಮಾತಿನಲ್ಲೇ ನಡೆಯುವ ಯಕ್ಷಗಾನ. ವಾಲಿವಧೆ ಪ್ರಸಂಗ ಪೂರ್ತಿ ಒಂದು ವಿಚಾರಣೆ. ಬಾಣ ನಾಟಿ ಬಿದ್ದ ವಾಲಿ ಕೇಳುತ್ತಾನೆ: ಇನ್ನೊಬ್ಬನೊಡನೆ ಹೋರಾಡುತ್ತಿದ್ದವನನ್ನು ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮ? ವಾಲ್ಮೀಕಿಯ ಕಿಷ್ಕಿಂಧಾಕಾಂಡದಲ್ಲಿ ರಾಮ ಕೊಡುವ ಉತ್ತರಗಳಲ್ಲಿ ಎರಡನ್ನು ಹಲಗೆಯ ಮೇಲೆ ಬರೆಯಿರಿ. ಒಂದು: ಈ ನೆಲ ಇಕ್ಷ್ವಾಕುಗಳದು, ನೀನು ತಮ್ಮನ ಹೆಂಡತಿಯನ್ನು ಇಟ್ಟುಕೊಂಡು ಧರ್ಮ ಮೀರಿದೆ, ದಂಡಿಸಿದೆ. ಇನ್ನೊಂದು: ನೀನು ವಾನರ, ಮೃಗವನ್ನು ಮರೆಯಲ್ಲಿ ನಿಂತು ಬೇಟೆಯಾಡಿದರೆ ದೋಷವಿಲ್ಲ. ಬಿಡಿಬಿಡಿಯಾಗಿ ಎರಡೂ ಉತ್ತರಗಳೇ. ಒಟ್ಟಿಗಿಟ್ಟರೆ ಚುರುಕಾದ ವಾಲಿ ಬಿಡುತ್ತಾನೆಯೇ? ನಾನು ಮೃಗವಾದರೆ ನಿನ್ನ ದಾಂಪತ್ಯಧರ್ಮ ನನಗೆ ಹೇಗೆ ಅನ್ವಯ? ಅನ್ವಯವಾದರೆ ನನ್ನನ್ನು ಬೇಟೆಯಾಡಿದ್ದು ಹೇಗೆ ಸರಿ? ಶೇಣಿ ಗೋಪಾಲಕೃಷ್ಣ ಭಟ್ಟರಂಥ ಅರ್ಥಧಾರಿಗಳ (ತಾಳಮದ್ದಲೆಯಲ್ಲಿ ಪಾತ್ರದ ಮಾತಾಡುವವರ) ವಾಲಿ ಹೆಸರಾದದ್ದು ಇಂಥ ಹಿಡಿತಕ್ಕೇ. ರಾಮನ ಪಾತ್ರಧಾರಿ ಆಮೇಲೆ ಎರಡರಲ್ಲಿ ಒಂದನ್ನು ಮುಖ್ಯವಾಗಿ ಹಿಡಿದು, ಇನ್ನೊಂದನ್ನು ಅದಕ್ಕೆ ಅಧೀನವಾಗಿ ನಿಲ್ಲಿಸಬೇಕಾಗುತ್ತದೆ. ಮಕ್ಕಳ ಪ್ರಬಂಧದಲ್ಲಿ ಈ ದೋಷ ಹೇರಳ. ‘ಮೊಬೈಲನ್ನು ಕಾಲೇಜಿನಲ್ಲಿ ಯಾರೂ ಬಳಸುವುದಿಲ್ಲ, ಆದ್ದರಿಂದ ನಿಷೇಧ ಅನಗತ್ಯ’ ಎಂದು ಎರಡನೇ ಪ್ಯಾರಾ, ‘ಮೊಬೈಲ್ ಇಲ್ಲದೆ ಕಲಿಕೆಯೇ ನಡೆಯದು’ ಎಂದು ನಾಲ್ಕನೆಯದು. ಕಾರಣಗಳ ಸಂಖ್ಯೆ ಹೆಚ್ಚಿದಷ್ಟೂ ವಾದ ಗಟ್ಟಿ ಎಂದುಕೊಂಡವರು ಬೀಳುವ ಹಳ್ಳ ಇದು. 400 ಪದಗಳಲ್ಲಿ ಎರಡು ಕಾರಣ ಸಾಕು, ಮೂರು ಹೆಚ್ಚು.

ಈಗ ಬರವಣಿಗೆಗೆ ಬರೋಣ. ವಿಷಯ ಕೊಡುವಾಗ ‘ಪರಿಸರ ಸಂರಕ್ಷಣೆ’ಯಂಥದ್ದು ಬೇಡ, ಅದರಲ್ಲಿ ಪ್ರತಿವಾದಿಯೇ ಇಲ್ಲ. ವಿದ್ಯಾರ್ಥಿಯೇ ಹೋಗಿ ಸಾಕ್ಷ್ಯ ತರಬಹುದಾದ್ದು ಕೊಡಿ. ಸಂಜೆಯ ಬಸ್ಸು ಎಂದಿಟ್ಟುಕೊಳ್ಳೋಣ. ಮೊದಲ ಕರಡು ಸಾಮಾನ್ಯವಾಗಿ ಹೀಗೆ ಬರುತ್ತದೆ:

‘ವಿದ್ಯಾರ್ಥಿಗಳಿಗೆ ಬಸ್ಸಿನ ತೊಂದರೆ ಬಹಳ ಇದೆ. ಇದರಿಂದ ಅವರ ಭವಿಷ್ಯವೇ ಹಾಳಾಗುತ್ತಿದೆ. ಸರ್ಕಾರ ಕೂಡಲೇ ಕ್ರಮ ಕೈಗೊಳ್ಳಬೇಕು.’

ಪಕ್ಕದ ಬೆಂಚಿನವನನ್ನು ಎದುರು ವಕೀಲನನ್ನಾಗಿ ಮಾಡಿ, ಪ್ರತಿ ವಾಕ್ಯಕ್ಕೆ ಪಾಟೀ ಸವಾಲು ಹಾಕಲಿ. ಮಾತಿನಲ್ಲಲ್ಲ, ಅಂಚಿನಲ್ಲಿ ಪೆನ್ಸಿಲ್ಲಿನಿಂದ. ಯಾವ ವಿದ್ಯಾರ್ಥಿಗಳು? ಬಹಳ ಎಂದರೆ ಎಷ್ಟು? ನೀನು ಎಣಿಸಿದ್ದೀಯಾ? ಭವಿಷ್ಯ ಹಾಳಾದದ್ದು ಯಾವ ದಾಖಲೆಯಲ್ಲಿದೆ? ಸರ್ಕಾರ ಎಂದರೆ ಯಾರು, ಡಿಪೋ ಮ್ಯಾನೇಜರೇ, ಮಂತ್ರಿಯೇ? ಈ ಪ್ರಶ್ನೆಗಳಿಗೆ ಉತ್ತರ ಹುಡುಕಿಕೊಂಡು ಬಂದ ಮೇಲೆ ಎರಡನೇ ಕರಡು ಇಂಥದ್ದಾಗಬಹುದು (ಅಂಕಿಗಳು ಮಾದರಿಗಷ್ಟೇ):

‘ನಮ್ಮ ಕಾಲೇಜು ಬಿಡುವುದು 4:20ಕ್ಕೆ. ನಮ್ಮೂರ ಬಸ್ಸು ನಿಲ್ದಾಣ ಬಿಡುವುದು 4:15ಕ್ಕೆ, ಮುಂದಿನದು 6:45ಕ್ಕೆ. ನಮ್ಮ ತರಗತಿಯಲ್ಲಿ ಆ ದಾರಿಯವರು 11 ಮಂದಿ. ಅವರಲ್ಲಿ 7 ಮಂದಿ ಕೊನೆಯ ಪೀರಿಯಡ್ ಬಿಟ್ಟು ಹೋಗುತ್ತಾರೆ, ಹಾಜರಿ ಪುಸ್ತಕ ನೋಡಿದರೆ ತಿಳಿಯುತ್ತದೆ. ಹೊಸ ಬಸ್ಸು ಬೇಡ, ಇರುವ ಬಸ್ಸನ್ನು ಡಿಪೋದವರು 4:40ಕ್ಕೆ ಬಿಟ್ಟರೆ ಸಾಕು.’

ಬೇಡಿಕೆ ಕಿರಿದಾದಷ್ಟೂ ವಾದ ಹಿರಿದಾಯಿತು. ಆದರೆ ಕೆಲಸ ಮುಗಿದಿಲ್ಲ. ಈಗ 4:15ಕ್ಕೇ ಹೋಗುವ ಸಂತೆಯ ಹೆಂಗಸರು, ಆಸ್ಪತ್ರೆಯಿಂದ ಹಿಂದಿರುಗುವವರು 25 ನಿಮಿಷ ಹೆಚ್ಚು ಕಾಯಬೇಕಲ್ಲ? ಇದು ನಿಜವಾದ ಆಕ್ಷೇಪ, ಇದನ್ನು ವಿದ್ಯಾರ್ಥಿಯೇ ಎತ್ತಬೇಕು. ಸುಳ್ಳು ಆಕ್ಷೇಪ ಎತ್ತುವ ಚಾಳಿ ಮಕ್ಕಳಲ್ಲಿ ಇದೆ: ‘ಕೆಲವರು ವಿದ್ಯಾರ್ಥಿಗಳು ಓದುವುದೇ ಬೇಡ ಎನ್ನುತ್ತಾರೆ’ ಎಂದು ಬರೆದು ಅದನ್ನು ಹೊಡೆದು ಬೀಗುತ್ತಾರೆ. ಹಾಗೆ ಹೇಳಿದವನ ಹೆಸರು ಕೇಳಿ, ಇರುವುದಿಲ್ಲ. ಉತ್ತರ ಕೊಡುವಾಗ ಎಷ್ಟು ಒಪ್ಪಬೇಕೋ ಅಷ್ಟನ್ನು ಒಪ್ಪಲಿ: ‘ಅವರಿಗೆ 25 ನಿಮಿಷ ತಡವಾಗುವುದು ನಿಜ, ಆದರೆ ಈಗ ನಾವು ಕಾಯುತ್ತಿರುವುದು ಎರಡೂಕಾಲು ಗಂಟೆ ದಾಟುತ್ತದೆ.’

ರಚನೆಗೆ ಮಾದರಿ ಬೇಕೆಂದರೆ ವಕೀಲರನ್ನು ಬಿಟ್ಟು ನ್ಯಾಯಾಧೀಶರ ಕಡೆ ತಿರುಗಿ. ಸಿವಿಲ್ ಪ್ರಕ್ರಿಯಾ ಸಂಹಿತೆಯ 20ನೇ ಆದೇಶ ತೀರ್ಪಿನಲ್ಲಿ ಏನಿರಬೇಕೆಂದು ಹೇಳುತ್ತದೆ: ಪ್ರಕರಣದ ಸಂಕ್ಷಿಪ್ತ ವಿವರ, ತೀರ್ಮಾನಿಸಬೇಕಾದ ಅಂಶಗಳು, ಅವುಗಳ ಮೇಲಿನ ತೀರ್ಮಾನ, ಅದಕ್ಕೆ ಕಾರಣ. ಕೆಳ ನ್ಯಾಯಾಲಯಗಳ ತೀರ್ಪುಗಳಲ್ಲಿ ವಿವಾದಾಂಶಗಳನ್ನು ಪಟ್ಟಿ ಮಾಡಿ, ಒಂದೊಂದಕ್ಕೂ ಹೌದು ಅಥವಾ ಇಲ್ಲ ಎಂದು ಮೊದಲೇ ಬರೆದು, ಆಮೇಲೆ ಕಾರಣಕ್ಕೆ ಹೋಗುವುದನ್ನು ನೋಡಬಹುದು. ತೀರ್ಮಾನ ಮೊದಲು, ಕಾರಣ ಆಮೇಲೆ. ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ ಎಂಬ ನಮ್ಮ ಪರೀಕ್ಷೆಯ ಅಚ್ಚಿನೊಳಗೇ ಇದನ್ನು ಕೂರಿಸಬಹುದು. ಪೀಠಿಕೆಗೆ 50 ಪದ, ಅದರಲ್ಲಿ ಸಂಗತಿ ಮತ್ತು ತನ್ನ ನಿಲುವು. ವ್ಯಾಖ್ಯಾನವೂ ಬೇಡ, ‘ಆಧುನಿಕ ಯುಗ’ವೂ ಬೇಡ. ಕಾರಣಗಳಿಗೆ 200. ಎದುರು ವಾದ ಮತ್ತು ಅದಕ್ಕೆ ಉತ್ತರಕ್ಕೆ 110. ಉಳಿದ 40ರಲ್ಲಿ ಯಾರು, ಏನು, ಯಾವಾಗ ಮಾಡಬೇಕು ಎಂಬ ಆದೇಶ. ಹೊಸ ಸಾಕ್ಷ್ಯವನ್ನು ಉಪಸಂಹಾರದಲ್ಲಿ ತರುವುದು ಸಿನಿಮಾದಲ್ಲಷ್ಟೇ ನಡೆಯುತ್ತದೆ.

ವೇಳೆ ಹೆಚ್ಚೇನೂ ಬೇಡ. 40 ನಿಮಿಷದ ನಾಲ್ಕು ಪೀರಿಯಡ್ ಸಾಕಾಗುತ್ತದೆ: ಒಂದರಲ್ಲಿ ಹತ್ತು ನಿಮಿಷದ ದೃಶ್ಯವನ್ನು ಎರಡು ಸಲ ತೋರಿಸಿ ಮೂರು ಕಾಲಂ ತುಂಬಿಸುವುದು, ಒಂದರಲ್ಲಿ ವಾಲಿ ಮತ್ತು ರಾಮ, ಒಂದರಲ್ಲಿ ಕರಡು ಮತ್ತು ಪಾಟೀ ಸವಾಲು, ಒಂದರಲ್ಲಿ ತಿದ್ದಿ ಬರೆಯುವುದು. ಮೂರನೆಯದಕ್ಕೂ ನಾಲ್ಕನೆಯದಕ್ಕೂ ನಡುವೆ ಒಂದು ವಾರ ಬಿಡಿ. ಅಂಕಿಅಂಶ ತರಲು ಡಿಪೋಗೆ, ಪಂಚಾಯಿತಿಗೆ ಹೋಗಿ ಬರಬೇಕಲ್ಲ.

ಅಂಕಕ್ಕೆ ಬಂದರೆ, 10ರಲ್ಲಿ 4ನ್ನು ಮೂರನೇ ಕಾಲಂಗೆ ಇಡಿ, ಅಂದರೆ ಸಾಕ್ಷ್ಯದಿಂದ ಹೇಳಿಕೆಗೆ ಕೊಂಡಿ ಬಿದ್ದಿದೆಯೇ ಎಂಬುದಕ್ಕೆ. ನಿಜವಾದ ಆಕ್ಷೇಪ ಎತ್ತಿ ಉತ್ತರಿಸಿದ್ದಕ್ಕೆ 3. ಸಾಕ್ಷ್ಯ ನೇರವಾಗಿದ್ದರೆ 2. ಭಾಷೆಗೆ 1 ಮಾತ್ರ. ಕನ್ನಡ ಮೇಷ್ಟ್ರುಗಳಿಗೆ ಇದು ಹಿಡಿಸಲಿಕ್ಕಿಲ್ಲ, ಆದರೆ ಈ ಒಂದು ಅಭ್ಯಾಸದ ಮಟ್ಟಿಗೆ ಅಲಂಕಾರಕ್ಕೆ ಬೆಲೆ ಇಲ್ಲವೆಂದು ಅಂಕಪಟ್ಟಿಯೇ ಹೇಳಲಿ. ವಾರ್ಷಿಕ ಪರೀಕ್ಷೆ ಹತ್ತಿರವಾದಾಗ ಮಾಮೂಲಿ ಹಂಚಿಕೆಗೆ ಮರಳಿ.

ಕೊನೆಗೆ ನೀವು ಕೇಳಿದ್ದು, ಮಕ್ಕಳಿಂದ ಅವರೇ ನಂಬದ ಪಕ್ಷದ ಪರವಾಗಿ ಬರೆಸಬಹುದೇ ಎಂದು. ಕರಡಿನ ಹಂತದಲ್ಲಿ ಧಾರಾಳವಾಗಿ ಬರೆಸಿ. ಇವತ್ತು ವಾಲಿಯ ಅರ್ಥ ಹೇಳಿದವರು ನಾಳೆ ರಾಮನದನ್ನೂ ಹೇಳುತ್ತಾರೆ, ತಾಳಮದ್ದಲೆಯಲ್ಲಿ ಅದು ರೂಢಿ. ಆದರೆ ಅಂತಿಮ ಪ್ರತಿಯಲ್ಲಿ ಯಾವ ಪಕ್ಷ ಎಂಬುದನ್ನು ಅವರಿಗೇ ಬಿಡಿ, ಮತ್ತು ಕರಡಿನ ನಡುವೆ ಪಕ್ಷ ಬದಲಿಸಿದವರ ಅಂಕ ಕಡಿಯಬೇಡಿ. ಪ್ರೊಜೆಕ್ಟರ್ ಸಿಗುವುದು ತಡವಾದರೆ ವಾಲಿ–ರಾಮರ ಪೀರಿಯಡ್ಡನ್ನೇ ಮೊದಲು ಮುಗಿಸಿ, ಅದಕ್ಕೆ ಸೀಮೆಸುಣ್ಣ ಬಿಟ್ಟರೆ ಬೇರೇನೂ ಬೇಕಿಲ್ಲ.

— ಸಂ.